ಶಂಕರಕ್ಕ ಮತ್ತು ಮುಕುಂದನ ಹಾಡು

ಕಾದಂಬರಿ ಓದುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಒಲೆಯ ಮೇಲೆ ಬೇಳೆ ತಳ ಹಿಡಿಯುತ್ತಿರುತ್ತದೆ, ಇವರು ಮಾತ್ರ ಪುಸ್ತಕದೊಳಗೆ ಯಾರದೋ ಮದುವೆಯಲ್ಲಿರುತ್ತಾರೆ. ಇಂಥ ನಾನೂ ಒಂದು ಕಾದಂಬರಿಯ ದೆಸೆಯಿಂದ ಭದ್ರಾವತಿಯಿಂದ ಶಿವಮೊಗ್ಗಕ್ಕೆ ರೈಲು ಹತ್ತಿದೆನೆಂದರೆ ಅದಕ್ಕೆ ಶಂಕರಕ್ಕನೇ ಕಾರಣ.

ಶಂಕರಕ್ಕ ಎಂದರೆ ನಮ್ಮ ಪಕ್ಕದ ಕ್ವಾರ್ಟರ್ಸಿನ ಶಂಕರಮ್ಮ. ಕುಂಸಿಯ ಮಗಳು, ಗಂಡ ಷಡಕ್ಷರಪ್ಪನವರಿಗೆ ಕಾರ್ಖಾನೆಯಲ್ಲಿ ಕೆಲಸ. ಇಸವಿ ಅರವತ್ತಾರು ಇರಬೇಕು, ಶಿವಮೊಗ್ಗದ ಬಾಡಿಗೆ ಪುಸ್ತಕದ ಅಂಗಡಿಯಿಂದ ‘ಬೆಂಕಿಪೊಟ್ಟಣ’ ಎಂಬ ಕಾದಂಬರಿ ತಂದರು. ಅಡಿಗೆಯ ಪುಸ್ತಕವೇನೋ ಎಂದುಕೊಂಡೆ. ಅಲ್ಲ, ಅದೊಂದು ಬ್ಯಾಂಡಿನ ಹೆಸರಂತೆ. ಬೆಂಗಳೂರು ದಂಡಿನ ನಾಲ್ಕು ಹುಡುಗರು, ಉದ್ದ ಕೂದಲು, ಕರೆಂಟಿನ ಗಿಟಾರು, ಡ್ರಮ್ಮು. ಹಾಡು ಕಟ್ಟುವವನು ಮುಕುಂದ. ಅವನಪ್ಪ ಗಿಟಾರನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಾನೆ. ಮುಕುಂದ ಬರಿಗೈಯಲ್ಲಿ ಬೀದಿಗೆ ಬಂದು ಹಾಡುತ್ತಾನೆ:

ಗಾಳಿಗೆ ಬಾಗಿಲು ಇಲ್ಲವೋ ಗೆಳೆಯಾ,
ಹಾಡಿಗೆ ಬೀಗವು ಇಲ್ಲ.

ಅಲ್ಲಿಗೆ ಶಂಕರಕ್ಕನಿಗೆ ಹುಚ್ಚು ಹಿಡಿಯಿತು. ಒಬ್ಬರೇ ಓದಿಕೊಂಡು ಸುಮ್ಮನಿರುವ ಜೀವವೇ ಅದು? ಮಧ್ಯಾಹ್ನ ಗಂಡಸರು ಪಾಳಿಗೆ ಹೋದ ಮೇಲೆ ನಮ್ಮ ಸಾಲಿನ ಹೆಂಗಸರೆಲ್ಲ ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕೂತರೆ ಅವರು ಗಟ್ಟಿಯಾಗಿ ಓದುವರು. ಅವರ ತಾತ ಶ್ರಾವಣದಲ್ಲಿ ಊರಿಗೆ ಪುರಾಣ ಓದುತ್ತಿದ್ದವರು. ಗದ್ಯ ಬಂದರೆ ಓದು, ಪದ್ಯ ಬಂದರೆ ಹಾಡು. ಪದ್ಯವನ್ನು ಒಣಕಲಾಗಿ ಓದಿದರೆ ಪಾಪ ಎಂಬುದು ಆ ಮನೆಯ ಪದ್ಧತಿ. ಹಾಗಾಗಿ ಮುಕುಂದನ ಸಾಲು ಬಂದದ್ದೇ ತಡ, ಶಂಕರಕ್ಕ ಹಾಡಿಯೇ ಬಿಟ್ಟರು. ವಾರದೊಳಗೆ ಇಡೀ ಸಾಲಿಗೆ ಅದು ಬಾಯಿಪಾಠವಾಯಿತು. ದುರ್ಗಮ್ಮ ಬಟ್ಟೆ ಒಗೆಯುವುದು ಅದೇ ಹಾಡಿಗೆ. ಮೂಲೆಮನೆಯ ತಮಿಳು ಹೆಂಗಸು ಅರ್ಧಂಬರ್ಧ ಕನ್ನಡದಲ್ಲಿ ಮಗುವನ್ನು ಮಲಗಿಸುವುದೂ ಅದೇ ಹಾಡಿಗೆ. ನನ್ನ ಬಾಯಲ್ಲೂ ಬರುತ್ತಿತ್ತು, ಸುಳ್ಳೇಕೆ?

ಗಿಟಾರನ್ನು ಮಾತ್ರ ನಮ್ಮಲ್ಲಿ ಯಾರೂ ಕಂಡಿರಲಿಲ್ಲ. “ತಂಬೂರಿ ಇದ್ದಂಗೆ ಕಣೇ, ಆದ್ರೆ ಸೊಂಟ ಇರ್ತದೆ” ಎಂದು ಶಂಕರಕ್ಕ ವಿವರಿಸುತ್ತಿದ್ದರು. ಅದೇ ಪುಸ್ತಕವನ್ನು ಎಷ್ಟು ಸಲ ತಂದರೆಂದರೆ, ಅಂಗಡಿಯ ಈಶ್ವರಪ್ಪ “ಇದನ್ನ ನಿಮಗೇ ಧಾರೆ ಎರೆದು ಕೊಟ್ಬಿಡ್ಲಾ ಅಮ್ಮಾ?” ಎಂದು ನಕ್ಕನಂತೆ. ಅವರ ಆಸೆ ಒಂದೇ, ನನ್ನೆದುರು ಹೇಳುತ್ತಲೇ ಇದ್ದರು. “ಸಾಯೋದ್ರೊಳಗೆ ಒಂದ್ಸಲ ಮುಕುಂದನ ಹಾಡನ್ನ ಗಿಟಾರಲ್ಲಿ ಕೇಳ್ಬೇಕು ವೇದಾ. ಕಣ್ಣಿಗೆ ಹಬ್ಬ ಆಯ್ತು, ಕಿವಿ ಇನ್ನೂ ಉಪವಾಸ.”

ಮರುವರ್ಷದ ಗಣಪತಿ ಹಬ್ಬಕ್ಕೆ ಶಿವಮೊಗ್ಗದ ಪೆಂಡಾಲೊಂದಕ್ಕೆ ಬೆಂಗಳೂರಿನ ಗಿಟಾರ್ ಪಾರ್ಟಿ ಬರುತ್ತದೆಂದು ಷಡಕ್ಷರಪ್ಪನವರೇ ಸುದ್ದಿ ತಂದರು. ಶಂಕರಕ್ಕ ನಿಂತಲ್ಲಿ ನಿಲ್ಲಲಿಲ್ಲ. ಸಾಲಿನ ಹೆಂಗಸರನ್ನೆಲ್ಲ ಹೊರಡಿಸಿದರು.

“ನೀವು ನೋಡಕ್ಕೆ ಹೋಗ್ತಿರೋದು ಗಣಪತೀನೋ ಗಿಟಾರೋ?” ಎಂದರು ಷಡಕ್ಷರಪ್ಪ.

“ಎರಡಕ್ಕೂ ಹೊಟ್ಟೆ ಇದೆ, ಸೊಂಡ್ಲಿದೆ. ಯಾವುದಾದ್ರೇನ್ರಿ?”

ಸಂಜೆ ನಾಲ್ಕಕ್ಕೇ ಹೋಗಿ ಹೆಂಗಸರ ಕಡೆಯ ಜಮಖಾನದ ಮುಂದಿನ ಸಾಲು ಹಿಡಿದೆವು. ಗಿಟಾರು ಕಂಡಾಗ ಶಂಕರಕ್ಕ ನನ್ನ ತೊಡೆ ಚಿವುಟಿದ್ದು ಎರಡು ದಿನ ಕೆಂಪಗಿತ್ತು. ಪಾರ್ಟಿಯವರು ಸಿನಿಮಾ ಹಾಡುಗಳನ್ನು ಒಂದರ ಮೇಲೊಂದು ನುಡಿಸಿದರು. ಬೇಕಾದ ಹಾಡಿಗೆ ಜನ ಚೀಟಿ ಕಳಿಸುತ್ತಿದ್ದರು, ಶಂಕರಕ್ಕನೂ ಕಳಿಸಿದರು.

ಗಿಟಾರಿನ ಹುಡುಗ ಚೀಟಿ ಓದಿ ಮೈಕಿನಲ್ಲಿ, “‘ಗಾಳಿಗೆ ಬಾಗಿಲು ಇಲ್ಲವೋ’... ಇದು ನಮಗೆ ಬರಲ್ಲ. ಕ್ಷಮಿಸಿ” ಎಂದ.

ಶಂಕರಕ್ಕ ಎದ್ದೇ ನಿಂತರು. “ಬರಲ್ವಾ? ಗಿಟಾರು ಹಿಡಿದು ಬೆಂಗಳೂರಿಂದ ಬಂದಿದೀರಿ, ಮುಕುಂದನ ಹಾಡು ಬರಲ್ವಾ?”

ಗಂಡಸರ ಕಡೆಯಿಂದ ಸಿಳ್ಳೆ ಬಿತ್ತು. ನಾನು ಸೆರಗು ಹಿಡಿದೆಳೆದೆ. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ. ಅವರು ಕೊಸರಿಕೊಂಡು ವೇದಿಕೆಯ ಮೆಟ್ಟಿಲಿಗೇ ಹೋದರು.

ಹುಡುಗ ಬಗ್ಗಿ ಮೆತ್ತಗೆ ಹೇಳಿದ: “ಬೆಂಕಿಪೊಟ್ಟಣ ನಾನೂ ಓದಿದೀನಮ್ಮ. ಅದರಲ್ಲಿ ಬರೀ ಸಾಲು ಇರೋದು. ಮಟ್ಟು ಎಲ್ಲಿದೆ ನುಡಿಸಕ್ಕೆ?”

“ಎಲ್ಲಿದೆ ಅಂದ್ರೆ? ಹಿಂಗಲ್ವೇನಪ್ಪಾ?” ಎಂದು ಶಂಕರಕ್ಕ ಅಲ್ಲೇ ಹಾಡತೊಡಗಿದರು.

ಅವನು ಮೈಕನ್ನು ಅವರತ್ತ ತಿರುಗಿಸಿದ. ಮೊದಲ ಸಾಲಿಗೆ ನಗು ಕೇಳುತ್ತಿತ್ತು. ಎರಡನೆಯ ಸಾಲಿಗೆ ದುರ್ಗಮ್ಮ ಕೂತಲ್ಲಿಂದಲೇ ದನಿಗೂಡಿಸಿದಳು, ತಮಿಳು ಹೆಂಗಸು ಸೇರಿದಳು. ನಾನೂ, ದೇವರಾಣೆಗೂ, ಗಂಟಲು ಬಿಚ್ಚಿ ಹಾಡಿದೆ. ಹುಡುಗ ತಂತಿಯ ಮೇಲೆ ತಡಕುತ್ತ ತಡಕುತ್ತ ಮಟ್ಟನ್ನು ಹಿಡಿದೇಬಿಟ್ಟ; ಹಿಂದೆ ಡ್ರಮ್ಮೂ ಬಂತು. ಪೆಂಡಾಲಿಗೆ ಪೆಂಡಾಲೇ ಚಪ್ಪಾಳೆ ತಟ್ಟುತ್ತಿತ್ತು. ಅಂಥ ಖುಷಿ ನನ್ನ ಮದುವೆಯಲ್ಲೂ ನನಗಾಗಿರಲಿಲ್ಲ.

ಹಾಡು ಮುಗಿದಾಗ ಹುಡುಗ ಕೇಳಿದ, “ಯಾರ ಮಟ್ಟಮ್ಮ ಇದು?”

“ಮುಕುಂದಂದು.”

“ಅಲ್ಲಮ್ಮ, ನಿಮ್ಮದು.”

ಅಷ್ಟು ದಿನ ಒಬ್ಬರಿಗೂ, ಎಲ್ಲದರಲ್ಲೂ ಹುಳುಕು ಹುಡುಕುವ ನನಗೂ, ಅದು ಹೊಳೆದಿರಲಿಲ್ಲ.

ವಾಪಸು ರೈಲಿನಲ್ಲಿ ಹೆಂಗಸರೆಲ್ಲ ಗಲಗಲ ಎನ್ನುತ್ತಿದ್ದರೆ ಶಂಕರಕ್ಕ ಮಾತ್ರ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದರು. ಹೆಮ್ಮೆಯಿಂದ ಬೀಗುತ್ತಿದ್ದಾರೆಂದು ತಮಾಷೆ ಮಾಡಲು ಹೋದೆ. ತಿರುಗಿದರು; ಕಣ್ಣು ತುಂಬಿತ್ತು.

“ಹಂಗಾದ್ರೆ ವೇದಾ, ಮುಕುಂದನಿಗೆ ಈ ಹಾಡು ಕೇಳಿಸೇ ಇಲ್ವೇನೇ?”

ನನ್ನ ಸೆರಗಿನಿಂದ ಅವರ ಕಣ್ಣು ಒರೆಸಿದೆ.

“ಕೇಳಿಸಿರ್ತದೆ ಬಿಡಿ ಅಕ್ಕ” ಎಂದೆ. “ನೀವು ಮೈಕ್ ಹಿಡಿದು ಕಿರುಚಿದ್ದು ಕುಂಸಿಗೇ ಕೇಳಿಸಿರ್ತದೆ. ಅವನಿಗೆ ಕೇಳಿಸಿರಲ್ವಾ?”