ಒಂದು ಮಳೆ ಕಾಣಲಿ

ನಮ್ಮ ಸಾರ್ ಬೂಟು ಬಿಚ್ಚಿ, ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿ ಹೆಗಲಿಗೆ ನೇತುಹಾಕಿಕೊಂಡು, ಬರಿಗಾಲಲ್ಲೇ ಸೈಟು ಸುತ್ತುತ್ತಿದ್ದರು. ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಕೆರೆಯ ಕಪ್ಪು ಗೋಡುಮಣ್ಣು. ಸೋಲಾರ್ ಕೆಲಸದಲ್ಲೇ ತಲೆ ನರೆತ ಇಂಜಿನಿಯರು ಅವರು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ಅಮ್ಮ ಮೇಲೂರಿನಲ್ಲಿ ರೇಷ್ಮೆ ನೂಲು ತೆಗೆಯುವ ಕೂಲಿಗೆ ಹೋಗಿ ಓದಿಸಿದರು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹೆಮ್ಮೆಯಿದೆ. ಸಾರ್ ಕೈಕೆಳಗೆ ಕೆಲಸಕ್ಕೆ ಸೇರಿದ ಮೊದಲ ದಿನ ಸೈಟಿನವರು, "ಹೆಣ್ಮಗು ಈ ಬಿಸಿಲಲ್ಲಿ ಏನ್ಮಾಡುತ್ತೆ?" ಎಂದು ನಕ್ಕಾಗ ಸಾರ್ ತಿರುಗಿ, "ನೀವೇನ್ ನೆರಳಲ್ಲಿ ಮಾಡ್ತಿದ್ದೀರೇನ್ರಪ್ಪ?" ಎಂದರು. ಮತ್ತೆ ಯಾರೂ ನಗಲಿಲ್ಲ.

ಮಂಚೇನಹಳ್ಳಿ ಹತ್ತಿರ ನಮಗೆ ಸಿಕ್ಕಿದ್ದು ಹಳೆಯ ಕೆರೆಗೆ ಅಂಟಿಕೊಂಡ ಜಮೀನು. ಬೇಸಿಗೆಯಲ್ಲಿ ಆ ಮಣ್ಣು ಕಲ್ಲು. ನೀರು ಕುಡಿದರೆ ಗಂಜಿ. ಸಾರ್ ಹಿಡಿದದ್ದು ಒಂದೇ ಪಟ್ಟು: ಕಂಬ ನಟ್ಟ ಮೇಲೆ ಒಂದು ಜೋರು ಮಳೆಯಾಗಬೇಕು, ಆಗಲೂ ಅಲುಗದಿದ್ದರೆ ಮಾತ್ರ ಪ್ಯಾನೆಲ್ ಏರಿಸುವುದು.

ನಮ್ಮನ್ನು ಕೆಲಸಕ್ಕಿಟ್ಟುಕೊಂಡಿದ್ದ ಗುತ್ತಿಗೆದಾರರಿಗೆ ಅವಸರ. ಎಲ್ಲರೆದುರೇ ಕೇಳಿದರು, "ಮಳೆ ಬರ್ಲಿಲ್ಲ ಅಂದ್ರೆ ಏನ್ ಸ್ವಾಮಿ ಮಾಡೋದು?"

"ಬರೋವರ್ಗೂ ಕಾಯಣ."

"ಹಂಗಾದ್ರೆ ಮನೇಲೇ ಕಾಯ್ಕೊಂಡಿರಿ. ನಾಳೆಯಿಂದ ಬರೋದ್ ಬೇಡ."

ನಾನೂ ಹೆಲ್ಮೆಟ್ ತೆಗೆದೆ. ಸಾರ್ ಅದನ್ನು ಕಿತ್ತುಕೊಂಡು ಮತ್ತೆ ನನ್ನ ತಲೆಯ ಮೇಲೇ ಕೂರಿಸಿದರು. "ಸುಮ್ನಿರಮ್ಮ. ನನ್ ಮಕ್ಳು ಓದಾಯ್ತು. ನಿಮ್ಮನೇಲಿ ನೀನೊಬ್ಳೇ ಸಂಬಳ ತರೋಳು. ಇಲ್ಲೇ ಇದ್ದು ಕಂಬ ನೋಡ್ಕೊ," ಎಂದು ಬೂಟು ಹೆಗಲಿಗೇರಿಸಿ ರಸ್ತೆ ಕಡೆ ನಡೆದರು. ಆ ವಾರವೇ ಪ್ಯಾನೆಲ್‌ಗಳು ಏರಿದವು.

ಮುಂಗಾರು ಬಂದದ್ದು ಒಂದು ಸಂಜೆ. ಬೆಳಗಿನವರೆಗೂ ಬಿಡದೆ ಹೊಡೆಯಿತು. ನಾನು ಸೈಟಿಗೆ ಓಡಿದರೆ, ಚಿಂತಾಮಣಿಯ ತಮ್ಮ ಮನೆಯಿಂದ ಸಾರ್ ಆಗಲೇ ಬಂದಿದ್ದಾರೆ! ಕೆಸರಿಗಿಳಿದು ಒಂದೊಂದೇ ಕಂಬಕ್ಕೆ ಹೆಗಲು ಕೊಟ್ಟು ನೂಕುತ್ತಿದ್ದಾರೆ. ನಾನೂ ಪಕ್ಕದಲ್ಲಿ ನಿಂತು ನೂಕಿದೆ. ಒಂದೂ ಅಲುಗಲಿಲ್ಲ.

"ಒಂದಾದ್ರೂ ವಾಲಿದ್ದಿದ್ರೆ ಆಯಪ್ಪಂಗೆ ಬುದ್ಧಿ ಬರ್ತಿತ್ತು ಸಾರ್," ಎಂದೆ.

"ಥೂ, ಏನ್ ಮಾತಮ್ಮ ಅದು! ನಟ್ಟಿದ್ದು ನಾವಲ್ವಾ? ನಾವ್ ನಟ್ಟಿದ್ದು ಬೀಳ್ಲಿ ಅಂತೀಯಾ?" ಗದರಿದವರು ಆಮೇಲೆ ನಕ್ಕರು. "ನಂದೇ ಅತಿಯಾಯ್ತೇನೋ ಬಿಡು. ನಿಂತ್ವಲ್ಲ."

ಆ ಕೆಲಸ ಅವರಿಗೆ ಮತ್ತೆ ಸಿಗಲಿಲ್ಲ. ಅವರು ಕೇಳಲೂ ಇಲ್ಲ.

ಈಗ ಮಂಡಿಕಲ್ ಕಡೆಯ ಸೈಟು ನನ್ನ ಕೈಯಲ್ಲಿದೆ. ಅಲ್ಲೂ ಒಂದು ಮೂಲೆಯಲ್ಲಿ ಅದೇ ಗೋಡುಮಣ್ಣು. ಮೇಲಿನವರು ಎಷ್ಟು ಅವಸರಪಡಿಸಿದರೂ, ಒಂದು ಮಳೆ ಕಾಣಲಿ ಎಂದು ಕಾಯಿಸಿದೆ. ಹಾಗೆ ಹೇಳಿದರೆ ಏನಾಗಬಹುದೆಂದು ಗೊತ್ತಿದ್ದೇ ಹೇಳಿದೆ. ಕಾಯುತ್ತಿರುವಾಗಲೇ ಸಾರ್ ತೀರಿಕೊಂಡರೆಂದು ಫೋನು ಬಂತು.

ಚಿಂತಾಮಣಿಗೆ ಹೋದೆ. ಸ್ನಾನ ಮಾಡಿಸಿ ಮಲಗಿಸಿದ್ದರು. ಪಾದಕ್ಕೆ ಹಣೆ ಮುಟ್ಟಿಸುವಾಗ ನೋಡಿದೆ, ಹಿಮ್ಮಡಿಯ ಬಿರುಕುಗಳಲ್ಲಿ ಚೂರೂ ಮಣ್ಣಿರಲಿಲ್ಲ.

ಆ ವಾರವೇ ಮಂಡಿಕಲ್ಲಿನಲ್ಲಿ ಮಳೆ ಬಂತು. ಬೆಳಿಗ್ಗೆ ಕೆಸರಿಗಿಳಿದು ಮೊದಲ ಕಂಬಕ್ಕೆ ಹೆಗಲು ಕೊಟ್ಟೆ. ಅಲುಗಲಿಲ್ಲ. ನಿಂತಿದೆ ಸಾರ್ ಎಂದು ಹೇಳಲು ಪಕ್ಕಕ್ಕೆ ತಿರುಗಿದೆ.