ನೀಲಮ್ಮನವರು ಬೆಟ್ಟಕ್ಕೆ ಮಂದೆ ಹೊಡೆದ ದಿನ

ನಮ್ಮ ಅತ್ತೆ ನೀಲಮ್ಮನವರು ಐರ್ಲೆಂಡಿಗೆ ಬಂದಾಗ ಅವರಿಗೆ ಇಲ್ಲಿ ಹೊತ್ತು ಹೋಗುವುದು ಹೇಗೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಶಿರಾ ಕಡೆಯ ಕುರಿಗಾರರ ಮನೆಯವರು. ಮೂವತ್ತು ವರ್ಷ ಮಂದೆಯ ಜೊತೆ ಊರೂರು ನಡೆದವರು. ಮಾವ ತೀರಿಕೊಂಡ ಮೇಲೆ ಮಂದೆ ಅವರ ಮೈದುನನ ಪಾಲಾಗಿತ್ತು. ಅಂಥವರನ್ನು ತಂದು ಕಾರ್ಲಿಂಗ್‌ಫರ್ಡ್ ಬೆಟ್ಟದ ಬುಡದ ಬಾಡಿಗೆಮನೆಯಲ್ಲಿ ಕೂರಿಸಿದೆವು. ಬಂದ ತಿಂಗಳಿಗೇ ಲಾಕ್‌ಡೌನ್. ನನ್ನ ಹೆಂಡತಿ ರತ್ನಾ ಡ್ರೋಹೆಡಾದಲ್ಲಿ ಡಾಕ್ಟರು. ಅಮ್ಮನಿಗೆ ಸೋಂಕು ತಗಲಬಾರದೆಂದು ಆಸ್ಪತ್ರೆಯ ಹತ್ತಿರವೇ ರೂಮು ಮಾಡಿಕೊಂಡಳು. ಮನೆಯಲ್ಲಿ ಉಳಿದದ್ದು ಲ್ಯಾಪ್‌ಟಾಪಿನ ಮುಂದೆ ನಾನು, ಕಿಟಕಿಯ ಮುಂದೆ ಅತ್ತೆ.

ಕಿಟಕಿಯಾಚೆ ಮನೆ ಮಾಲೀಕರಾದ ಮಾಲಾಕಿಯವರ ಎಪ್ಪತ್ತು ಕುರಿಗಳು. ಮಾಲಾಕಿಗೆ ಎಪ್ಪತ್ನಾಲ್ಕು ವರ್ಷ, ಒಂಟಿ ಜೀವ. ಪ್ರತಿ ಮೇ ತಿಂಗಳು ಮಂದೆಯನ್ನು ಬೆಟ್ಟಕ್ಕೆ ಹತ್ತಿಸಬೇಕು. ಮೇಲೆ ಬೇಲಿಯಿಲ್ಲ, ಆದರೂ ಒಂದೊಂದು ಮನೆಯ ಕುರಿಗೂ ಅದರದೇ ಜಾಗ. ಆ ಜಾಗವನ್ನು ಮರಿ ಕಲಿಯುವುದು ತಾಯಿಯ ಜೊತೆ ಕಳೆದ ಮೊದಲ ಬೇಸಿಗೆಯಲ್ಲಿ. ಹಿಂದಿನ ವರ್ಷ ಮಾಲಾಕಿ ಸೊಂಟ ಮುರಿದು ಮಲಗಿದ್ದರಿಂದ ಮಂದೆ ಹತ್ತಿರಲಿಲ್ಲ. ಈ ಸಲವೂ ತಪ್ಪಿದರೆ ಬೆಟ್ಟ ಬಲ್ಲ ಕುರಿಗಳೇ ಉಳಿಯುವುದಿಲ್ಲ, ಅಜ್ಜನ ಕಾಲದಿಂದ ಬಂದದ್ದು ನನ್ನ ಕೈಯಲ್ಲಿ ಮುಗಿಯುತ್ತದೆ ಎಂದು ಅವರು ಫೋನಿನಲ್ಲಿ ಗೋಳಾಡಿದರು. ಎಪ್ಪತ್ತು ದಾಟಿದವರು ಮನೆ ಬಿಡಬಾರದೆಂದು ಸರ್ಕಾರ ಹೇಳಿತ್ತು. ಸಹಾಯಕ್ಕೆ ಬರುತ್ತಿದ್ದ ನೆರೆಯವರೆಲ್ಲ ಅದೇ ವಯಸ್ಸಿನವರು.

ಇದನ್ನು ಅತ್ತೆಗೆ ಹೇಳಿದ್ದು ನನ್ನ ತಪ್ಪು. ಅವರು ಸೆರಗು ಸಿಕ್ಕಿಸಿಕೊಂಡು ರತ್ನಾಳ ರೇನ್‌ಕೋಟು ತೊಟ್ಟು ನಿಂತೇಬಿಟ್ಟರು. ಅಂದು ಶನಿವಾರ, ಕೆಲಸದ ನೆಪವೂ ನನಗಿರಲಿಲ್ಲ. ಮಾಲಾಕಿಗೆ ಫೋನ್ ಮಾಡಿ ದಾರಿ ಕೇಳಿಕೊಂಡೆ.

ಶುರುವಿನಲ್ಲೇ ಎಡವಟ್ಟು. ನಮ್ಮ ಕಡೆ ಕುರಿಗಾರ ಮುಂದೆ ನಡೆದು ಕೂಗುತ್ತಾನೆ, ಮಂದೆ ಹಿಂದೆ ಬರುತ್ತದೆ. ಅತ್ತೆ ಹಾಗೇ ಮುಂದೆ ನಡೆದು ಕೂಗಿದರು. ಇಲ್ಲಿನ ಕುರಿಗಳು ಹಿಂದಿನಿಂದ ನಾಯಿ ಅಟ್ಟಿದರೆ ಮಾತ್ರ ನಡೆಯುವಂಥವು. ಅವು ಒಂದು ಗಳಿಗೆ ಅತ್ತೆಯ ಮುಖ ನೋಡಿ, ಹಿಂದಿರುಗಿ ಊರಿನ ರಸ್ತೆ ಹಿಡಿದವು. ಮಾಲಾಕಿಯ ನಾಯಿಯೋ, ಅವರ ಬಾಗಿಲು ಬಿಟ್ಟು ಕದಲಲಿಲ್ಲ. ಕುರಿಗಳನ್ನು ಒಂದುಗೂಡಿಸಲು ನಾನು ಓಡಿದ ಓಟ ನೆನೆದರೆ ಇಂದಿಗೂ ಏದುಸಿರು ಬರುತ್ತದೆ.

ಅತ್ತೆಗೆ ಮಾತ್ರ ಬೇಜಾರಾಗಲಿಲ್ಲ. ಎಲ್ಲಕ್ಕಿಂತ ಹಿರಿಯ ಕುರಿ ಯಾವುದೆಂದು ನನ್ನಿಂದ ಫೋನಿನಲ್ಲಿ ಮಾಲಾಕಿಯನ್ನು ಕೇಳಿಸಿದರು. ಅದರ ಮರಿಯನ್ನು ಎತ್ತಿ, ತಾಯಿಯ ಮೂಗಿಗೆ ಸಿಗುವಷ್ಟು ತಗ್ಗಿನಲ್ಲಿ ಹಿಡಿದು ನಡೆದರು. ತಾಯಿ ಹಿಂಬಾಲಿಸಿತು, ಅದರ ಹಿಂದೆ ಉಳಿದವು. ಹಿಂದಿನಿಂದ ಅಟ್ಟುವ ನಾಯಿಯ ಕೆಲಸ ಅಳಿಯನ ಪಾಲಿಗೆ ಬಂತು.

ಮೂರು ಗಂಟೆ ಹತ್ತಿ, ಮಾಲಾಕಿ ಹೇಳಿದ ಎರಡನೆಯ ತೊರೆ ದಾಟಿ ಜಾಗ ಮುಟ್ಟಿದೆವು. ಕೆಲಸ ಮುಗಿಯಿತು, ಇಳಿಯೋಣ ಎಂದೆ. ಅತ್ತೆ ಬಂಡೆಯ ಮೇಲೆ ಕುಳಿತರು.

"ಮರಿಗಳ್ಗೆ ಹೊಸ ನೆಲ ಅಳಿಯಂದ್ರೇ. ಮಂದೆ ಮಲಗಿ ಮೆಲುಕು ಹಾಕೋವರ್ಗೂ ಬಿಟ್ಟು ಬರ್ಬಾರ್ದು."

ನನಗೆ ಸಿಟ್ಟೇ ಬಂತು. ಗಾಳಿ, ಹಸಿವು, ಮೇಲಿನಿಂದ ಇಳಿಯುತ್ತಿದ್ದ ಮಂಜು. ಆದರೆ ಮಂಜು ಕವಿಯುತ್ತಿದ್ದಂತೆ ಮರಿಗಳು ಹೆದರಿ ಮನೆಯ ಕಡೆ ಓಡತೊಡಗಿದವು, ತಾಯಂದಿರೂ ಹಿಂದೆಯೇ. ಅತ್ತೆ ಎದ್ದು, ಕೂಗದೆ ಗದರದೆ, ಅಡ್ಡ ನಡೆದು ತಿರುಗಿಸಿದರು. ಮೂರು ಸಲ ಇಳಿದವು, ಮೂರು ಸಲವೂ ತಿರುಗಿಸಿದರು. ಅರವತ್ತೆರಡರ ಹೆಂಗಸು, ಒದ್ದೆ ಹುಲ್ಲು, ಕಾಲಲ್ಲಿ ಮಗಳ ಶೂ. ನಾನು ಇಷ್ಟು ದಿನ ಇವರಿಗೆ ಮೈಕ್ರೋವೇವ್ ಬಟನ್ ಒತ್ತುವುದನ್ನು ಕಲಿಸುತ್ತ ದೊಡ್ಡವನೆನಿಸಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾವು ಇಳಿದದ್ದು ಕೊನೆಯ ಮರಿಯೂ ತಾಯಿಯ ಪಕ್ಕ ಮಲಗಿದ ಮೇಲೆ.

ಮರುದಿನ ಬೆಳಿಗ್ಗೆ ಮಾಲಾಕಿ ಫೋನ್ ಮಾಡಿದರು. ದುರ್ಬೀನಿನಲ್ಲಿ ನೋಡಿದ್ದರು, ಎಲ್ಲವೂ ಅವರ ಜಾಗದಲ್ಲೇ ಮೇಯುತ್ತಿದ್ದವು. ಅತ್ತೆ ಎಷ್ಟು ಹೊತ್ತು ಅಲ್ಲಿದ್ದರೆಂದು ಕೇಳಿದರು. ಹೇಳಿದೆ. ಪ್ರತಿ ವರ್ಷ ನೆರೆಯವರನ್ನೆಲ್ಲ ಕೆಳಗೆ ಕಳಿಸಿ ನಾನೊಬ್ಬನೇ ಹಾಗೆ ಕೂರುತ್ತಿದ್ದೆ, ನಿಮಗದನ್ನು ಹೇಳಿದರೆ ಅತಿಯಾದೀತೆಂದು ಸುಮ್ಮನಿದ್ದೆ, ರಾತ್ರಿಯಿಡೀ ಭಯದಲ್ಲಿ ನಿದ್ದೆಯಿಲ್ಲ ಎಂದರು.

ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು. ಮಾಲಾಕಿಯ ಮಾತನ್ನೆಲ್ಲ ತಿಳಿಸಿದೆ.

"ಭಯ ಯಾಕಂತೆ?" ಎಂದರು, ಕೋಲು ನಿಲ್ಲಿಸದೆ. "ಕುರಿಗಾರ್ರು ನಾವಿದೀವಲ್ಲ ಇಲ್ಲಿ."