ಮೂರು ಕಾಲಿನ ಸ್ಟ್ಯಾಂಡು

ಸಾಗರದಲ್ಲಿ ನನ್ನದೊಂದು ಪೆನ್ನು, ನೋಟ್‌ಬುಕ್ಕು ಮಾರುವ ಅಂಗಡಿ ಇದೆ. ಭಾನುವಾರ ಅಂಗಡಿಗೆ ರಜೆ, ನನಗೆ ಹುಚ್ಚು. ಬೆಳಕು ಹರಿಯುವುದೇ ತಡ, ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ, ಮೂರು ಕಾಲಿನ ಸ್ಟ್ಯಾಂಡನ್ನು ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು, ಎಲ್ಲಾದರೂ ಏನಾದರೂ ಪಾಳು ಬಿದ್ದಿದೆಯೇ ಎಂದು ಹುಡುಕಿಕೊಂಡು ಹೊರಡುತ್ತೇನೆ. "ನಮ್ಮ ಬಚ್ಚಲಿನ ಗೋಡೆ ಬಿರುಕು ಬಿಟ್ಟು ಯಾವ ಕಾಲ ಆತು. ಅದೂ ಪಾಳೇ ಅಲ್ದಾ? ಅದ್ರದ್ದೇ ಒಂದು ಫೋಟೋ ತೆಗೀರಿ, ಪೆಟ್ರೋಲಾದ್ರೂ ಉಳೀತದೆ" ಎನ್ನುತ್ತಾಳೆ ಹೆಂಡತಿ. ಅವಳಿಗೆ ಕಲೆಯ ಬಗ್ಗೆ ಏನೂ ತಿಳಿಯದು. ಗೋಡೆಯ ಬಗ್ಗೆ ಚೆನ್ನಾಗಿ ತಿಳಿದಿದೆ.

ಮೊದಲಿನಿಂದ ನಾನು ಪಾಳು ಜಾಗಗಳ ಭಕ್ತನೇನಲ್ಲ. ಶುರು ಮಾಡಿದ್ದು ಇಕ್ಕೇರಿಯಿಂದ. ಆ ದೇವಸ್ಥಾನದ ಕಲ್ಲುಗೋಡೆಯ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ನೋಡಿದರೆ ಎಂಥ ನಾಸ್ತಿಕನೂ ಕೈ ಮುಗಿಯಬೇಕು. ಆದರೆ ಭಾನುವಾರ ಹೋಗಿ ನೋಡಿ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಯೊಂದು ಪ್ರತಿ ಕಂಬಕ್ಕೂ ಒರಗಿ ನಿಂತಿರುತ್ತದೆ. ಹುಡುಗಿಯ ಸೆರಗನ್ನು ಗಾಳಿಗೆ ಹಾರಿಸಲು ಅಣ್ಣನೋ ಭಾವನೋ ಕಂಬದ ಹಿಂದೆ ಅಡಗಿ ರಟ್ಟು ಬೀಸುತ್ತಿರುತ್ತಾನೆ. ನಂದಿ ಮಂಟಪದಲ್ಲಿ ನಂದಿಯೊಬ್ಬನೇ ಸುಮ್ಮನೆ ಕೂತಿರುವವನು.

ಹೋಗಲಿ, ಬೀದಿಯ ಫೋಟೋ ತೆಗೆಯೋಣ ಎಂದು ತೀರ್ಥಹಳ್ಳಿಗೆ ಹೋದೆ. ಅಲ್ಲೊಂದು ಹಳೆಯ ಅಂಗಡಿ, ಹಲಗೆ ಬಾಗಿಲು, ಮಾಸಿದ ನೀಲಿ ಬಣ್ಣ, ಒಳಗೆ ಬರಿಮೈಯಲ್ಲಿ ಪೇಪರ್ ಓದುತ್ತಾ ಕೂತ ಯಜಮಾನರು. ಆಹಾ ಎಂದು ಕ್ಯಾಮೆರಾ ಎತ್ತಿದೆ. "ಒಂದ್ನಿಮಿಷ ತಡೀರಿ ಮಾರಾಯ್ರೆ" ಎಂದವರೇ ಒಳಗೆ ಹೋಗಿ ಇಸ್ತ್ರಿ ಶರ್ಟು ತೊಟ್ಟು, ತಲೆ ಬಾಚಿ, ಮೂಲೆಯಲ್ಲಿ ಸುತ್ತಿಟ್ಟಿದ್ದ ಮೊಬೈಲ್ ಕಂಪನಿಯ ಫ್ಲೆಕ್ಸನ್ನು ಬಿಚ್ಚಿ ನೀಲಿ ಬಾಗಿಲು ಪೂರ್ತಿ ಮುಚ್ಚುವಂತೆ ತೂಗುಹಾಕಿದರು. "ಹಾಂ, ಈಗ ತೆಗೀರಿ" ಎಂದು ಎದೆ ಉಬ್ಬಿಸಿ ನಿಂತರು. ತೆಗೆದೆ, ಮತ್ತೇನು ಮಾಡಲಿ? ಅವತ್ತೇ ನಿಶ್ಚಯ ಮಾಡಿದೆ, ಇನ್ನು ಮನುಷ್ಯರಿಲ್ಲದ ಜಾಗವೇ ಸೈ. ಗೋಡೆ ಬಂದು ತಲೆ ಬಾಚಿಕೊಳ್ಳುವುದಿಲ್ಲ.

ಹೊಸನಗರದ ಕಡೆ ಹಿನ್ನೀರಿನ ದಂಡೆಯಲ್ಲಿ ಡ್ಯಾಂ ಕಟ್ಟುವಾಗಿನ ಹಳೆಯ ಕ್ವಾರ್ಟರ್ಸುಗಳಿವೆ ಎಂದು ಫೋಟೋ ಹುಚ್ಚರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತೀತೇ? ಈ ಬೇಸಿಗೆಯ ಒಂದು ಭಾನುವಾರ ಹೊರಟೇಬಿಟ್ಟೆ. ತಲೆಗೆ ಟೊಪ್ಪಿ, ಮೈಮೇಲೆ ಎಲ್ಲೆಲ್ಲೂ ಜೇಬುಗಳಿರುವ ಖಾಕಿ ಬಣ್ಣದ ಜಾಕೀಟು. ಆ ಜೇಬುಗಳಲ್ಲಿ ಇಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆದರೂ ಫೋಟೋಗ್ರಾಫರ್ ಅಂದಮೇಲೆ ಜೇಬುಗಳು ಬೇಕು.

ಕ್ವಾರ್ಟರ್ಸು ನನ್ನ ಕನಸಿನ ಹಾಗೆಯೇ ಇದ್ದವು. ಮಾಡು ಕುಸಿದಿತ್ತು, ಅಡುಗೆಮನೆಯೊಳಗೆ ಅತ್ತಿಮರ ಬೆಳೆದಿತ್ತು. ಆ ಕೋಣೆಯಲ್ಲಿ ಒಂದು ಕರುವನ್ನು ಕಟ್ಟಿದ್ದರು, ಪಕ್ಕದಲ್ಲಿ ಸೌದೆ ಒಟ್ಟಿದ್ದರು. ಬುದ್ಧಿ ಇದ್ದವನಿಗೆ ಇಷ್ಟು ಸಾಕು, ಇಲ್ಲಿ ಜನ ಇದ್ದಾರೆಂದು ಗೊತ್ತಾಗಲು. ನಾನು ಮಾತ್ರ ಕರು ಕಾಣದ ಹಾಗೆ ಸ್ಟ್ಯಾಂಡನ್ನು ಆಚೀಚೆ ಸರಿಸುತ್ತಾ, ಅದರ ತಲೆಯ ಮೇಲಿನ, ಮಟ್ಟ ತೋರಿಸುವ ನೀರಿನ ಗುಳ್ಳೆ ನಡುವಿಗೆ ಬರುವವರೆಗೂ ಕಾಲು ತಿರುಗಿಸುತ್ತಾ, ಒಂದು ಕಣ್ಣು ಮುಚ್ಚಿ ಗುಡ್ಡ ನೋಡುತ್ತಾ, ಹಿನ್ನೀರು ನೋಡುತ್ತಾ ಬೆಳಗೆಲ್ಲಾ ಕಳೆದೆ. ಸಂಜೆ ಗುಂಪಿಗೆ ಫೋಟೋ ಹಾಕಿ ಕೆಳಗೆ 'ಮನುಷ್ಯ ಮರೆತ ಜಾಗ' ಎಂದು ಬರೆದೆ. ಹೃದಯದ ಚಿಹ್ನೆಗಳು ಬಂದವೇ ಬಂದವು.

ಬೆಳಕು ಇನ್ನೂ ಚೆನ್ನಾಗಿ ಸಿಗಬಹುದೆಂದು ಮುಂದಿನ ಭಾನುವಾರ ಮತ್ತೆ ಹೋದೆ. ಸ್ಟ್ಯಾಂಡು ಊರುವಷ್ಟರಲ್ಲಿ ಗುಡ್ಡದ ಮೇಲಿಂದ ಒಬ್ಬ ಹೆಂಗಸು ದಡದಡ ಇಳಿದು ಬಂದಳು. ವಯಸ್ಸು ನಲವತ್ತೈದರ ಆಸುಪಾಸು, ಸೊಂಟದಲ್ಲಿ ಖಾಲಿ ಕೊಡ, ಕಣ್ಣಲ್ಲಿ ಕೆಂಡ.

"ನೀವೇ ಅಲ್ದಾ ಹೋದ ವಾರ ಬಂದೋರು? ಎಂತ ಅಳೀತಿದ್ರಿ ನೀವು? ನಿಮ್ಮಿಂದ ನಮ್ಮನೆ ಬಾವಿ ನಿಂತು ಹೋತು!"

ನನಗೆ ತಲೆಬುಡ ತಿಳಿಯಲಿಲ್ಲ. ನಾನು ಯಾರ ಬಾವಿಯನ್ನೂ ನಿಲ್ಲಿಸಿದವನಲ್ಲ, ನನ್ನ ಅಂಗಡಿಯನ್ನು ನಡೆಸುವುದೇ ನನಗೆ ಕಷ್ಟ. ಅವಳು ಒಂದೇ ಉಸಿರಿನಲ್ಲಿ ವಿಷಯ ಹೇಳಿದಳು. ಮನೆ ಮೇಲೆ ಗುಡ್ಡದ ಏರಿನ ದರೆಯಲ್ಲಿದೆ, ಕುಡಿಯುವ ನೀರಿಗೆ ಹಳ್ಳಕ್ಕೆ ಇಳಿಯಬೇಕು. ಮದುವೆಯಾಗಿ ಬಂದಾಗಿನಿಂದ ಹೊರುತ್ತಿದ್ದಾಳೆ. ಈ ವರ್ಷ ಅಂತೂ ಇಂತೂ ಗಂಡ ಒಪ್ಪಿ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ಬಂದು ಜಾಗ ತೋರಿಸಿ, ಗುದ್ದಲಿಪೂಜೆಯೂ ಆಗಿತ್ತು. ಅಷ್ಟರಲ್ಲಿ ಟೊಪ್ಪಿ ಹಾಕಿದ ಯಾರೋ ಮೂರು ಕಾಲಿನದ್ದನ್ನು ಇಟ್ಟುಕೊಂಡು ಗುಡ್ಡ ಅಳೆಯುತ್ತಿರುವುದನ್ನು ಅತ್ತೆ ಜಗುಲಿಯಿಂದ ನೋಡಿದರು. ಮುಗಿಯಿತು ಕಥೆ.

"ಮುಳುಗೋ ಜಾಗಕ್ಕೆ ಬಾವಿ ಎಂತಕ್ಕೆ ಅಂತ ಹಟ ಹಿಡಿದು ಕೂತಿದಾರೆ. ಬಾವಿ ತೋಡೋರು ಇವತ್ತು ಸಂಜೆ ಹೋದ್ರೆ ಇನ್ನು ಮಳೆ ಮುಗ್ದು ಮುಂದಿನ ಬೇಸಿಗೆಗೇ ಬರೂದು. ಕಣ್ಣೆದುರಿಗೆ ಇಷ್ಟು ನೀರು ಬಿದ್ದಿದೆ, ನಾ ಮಾತ್ರ ಕೊಡ ಹೊತ್ತು ಸಾಯ್ಬೇಕು. ಬನ್ನಿ, ನೀವೇ ಬಂದು ಹೇಳಿ, ಸರ್ವೆಯವ್ರಲ್ಲ ಅಂತ."

ಅಷ್ಟೇ ತಾನೇ ಎಂದುಕೊಂಡು ಹೋದೆ. ಸತ್ಯ ಹೇಳುವುದು ಎಷ್ಟರ ಕೆಲಸ!

ಹಲಸಿನ ಮರದ ಕೆಳಗೆ ಬಾವಿ ತೋಡುವವರಿಬ್ಬರು ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಮುದುಕಿ ಜಗುಲಿಯಲ್ಲಿದ್ದರು. ನನ್ನ ಮುಖ ನೋಡಲಿಲ್ಲ, ಕೈಲಿದ್ದ ಸ್ಟ್ಯಾಂಡನ್ನು ನೋಡಿದರು. "ಬನ್ನಿ ಸಾಹೇಬ್ರೆ, ಕೂತ್ಕಳಿ. ಆಸ್ರಿಗೆ ಎಂತ ಬೇಕು?" ಎಂದರು. ಸೊಸೆ ಬೆಲ್ಲ, ನೀರು ತಂದಿಟ್ಟಳು. ಎಲ್ಲಿಂದ ಹೊತ್ತು ತಂದ ನೀರೆಂದು ಗೊತ್ತಿದ್ದರಿಂದ ಒಂದು ಹನಿ ಬಿಡದೆ ಕುಡಿದೆ.

"ಏನಿಲ್ಲಮ್ಮ, ನಾನು ಸಾಹೇಬನೂ ಅಲ್ಲ, ಏನೂ ಅಲ್ಲ. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದೆ.

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕರು. "ಅವತ್ತು ಡ್ಯಾಂಗೆ ಅಳೆಯೋಕೆ ಬಂದೋರೂ ಇದನ್ನೇ ಅಂದಿದ್ರು. ಎಂತ ಇಲ್ಲ ತಾಯಿ, ಸುಮ್ನೆ ನೋಡ್ತಿದೀವಿ ಅಂತ. ನಾ ಸಣ್ಣೋಳು. ಅವ್ರ ಹತ್ರಾನೂ ಹಿಂಗೇ ಮೂರು ಕಾಲಿಂದು ಇತ್ತು. ನಮ್ಮಪ್ಪ ಆ ವರ್ಷವೇ ಬಾವಿ ತೋಡ್ಸಿ ಕಲ್ಲು ಕಟ್ಸಿದ್ದ. ಎರಡನೇ ಬೇಸಿಗೆಗೆ ಅದ್ರ ನೀರು ಕುಡಿಯೋಕೆ ನಾವಿರ್ಲಿಲ್ಲ. ಡ್ಯಾಂ ನೀರು ಬಂದು ಬಾವೀನೇ ಕುಡಿದು ಬಿಡ್ತು."

ಈ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು, ಮುಳುಗಡೆಯವರ ಮಕ್ಕಳ ಜೊತೆಗೇ ಶಾಲೆಗೆ ಹೋದವನು. ಆದರೂ ಕಲೆಗಾಗಿ ಮೂರು ಕಾಲು ಊರುವಾಗ ಇದು ತಲೆಗೆ ಹೊಳೆಯಲಿಲ್ಲ. ಇನ್ನು ಪುರಾವೆಯೇ ಗತಿ ಎಂದು ಕ್ಯಾಮೆರಾ ತೆರೆದು ಒಂದೊಂದೇ ಫೋಟೋ ತೋರಿಸಿದೆ. ಬಿದ್ದ ಗೋಡೆ, ಮುರಿದ ಬಾಗಿಲು, ಹುಲ್ಲು ಬೆಳೆದ ಅಂಗಳ. ಮುದುಕಿ ಕಣ್ಣು ಕಿರಿದು ಮಾಡಿಕೊಂಡು ಎಲ್ಲವನ್ನೂ ಶ್ರದ್ಧೆಯಿಂದ ನೋಡಿದರು. ನನ್ನ ಫೋಟೋಗಳನ್ನು ಅಷ್ಟು ಹೊತ್ತು ಯಾರೂ ನೋಡಿದ್ದಿಲ್ಲ.

"ಇವ್ರನ್ನೆಲ್ಲ ಮನೆಯಿಂದ ಎಬ್ಬಿಸಿ ಆತಾ?" ಎಂದು ಕೇಳಿದರು.

ಸೊಸೆ ಹಣೆ ಚಚ್ಚಿಕೊಂಡು ನನ್ನನ್ನು ಹಿತ್ತಿಲಿಗೆ ಕರೆದಳು. "ನೀವು ಅಲ್ಲ ಅಂದಷ್ಟೂ ಅವ್ರು ಹೌದು ಅಂತಾರೆ. ಒಂದು ಕೆಲ್ಸ ಮಾಡಿ. ಆಫೀಸರ್ ಹೌದು ಅಂದ್ಬಿಡಿ. ಅಳತೆ ಆತು, ನೀರು ಇಲ್ಲಿಗೆ ಬರೂದಿಲ್ಲ ಅನ್ನಿ."

"ಅಯ್ಯೋ, ಸುಳ್ಳು ಹೇಳೋದಾ? ನನ್ನಿಂದ ಆಗಲ್ಲಕ್ಕ."

"ಎಂತದು ಆಗಲ್ಲ? ಟೊಪ್ಪಿ ಹಾಕಿ ಹೆದ್ರಿಸೋಕೆ ಆಗ್ತದೆ, ಧೈರ್ಯ ಹೇಳೋಕೆ ಆಗೂದಿಲ್ವಾ?"

ಅಂಗಳಕ್ಕೆ ಬಂದು ಸ್ಟ್ಯಾಂಡು ಊರಿದೆ. ಗುಳ್ಳೆ ನೋಡಿದೆ, ಗಂಟಲು ಸರಿಮಾಡಿದೆ, ಕಣ್ಣು ಮುಚ್ಚಿ ತೆರೆದೆ. ಸರ್ಕಾರಿ ನೌಕರಿಗೆ ಪರೀಕ್ಷೆ ಬರೆದು ಬರೆದು ಸೋತ ನಾನು ಅಂದು ಯಾವ ಪರೀಕ್ಷೆಯೂ ಇಲ್ಲದೆ ಸಾಹೇಬನಾದೆ. "ನಿಮಗೆ ಹೇಳಬಾರದಿತ್ತು ಅಮ್ಮ, ಆದರೂ ಕೇಳಿದಿರಲ್ಲ, ಹೇಳ್ತೀನಿ. ಅಳತೆ ಮುಗೀತು. ನಿಮ್ಮ ಈ ದರೆಗೆ ಒಂದು ತೊಟ್ಟೂ ನೀರು ಬರೋದಿಲ್ಲ. ನಿಶ್ಚಿಂತೆಯಿಂದ ಬಾವಿ ತೋಡಿಸಿ" ಎಂದೆ.

"ಹಂಗಾರೆ ಎಲ್ಲಿಗೆ ಬತ್ತದೆ?"

ಇದನ್ನು ನಾನು ಯೋಚಿಸಿರಲಿಲ್ಲ. ಸಾಹೇಬ ಅಂದಮೇಲೆ ತಡವರಿಸಬಾರದೆಂದು ಎದುರಿಗೆ ಕಂಡ ಗುಡ್ಡದ ಕಡೆ ಕೈ ತೋರಿಸಿದೆ. "ಅದರ ಆಚೆಗೆ."

ಮುದುಕಿಯ ಮುಖ ಅರಳಿತು. "ಏ ಮಾರಾಯ್ತಿ, ತೋಡಿ ಅನ್ನು ಅವ್ರಿಗೆ" ಎಂದು ಕೂಗಿದರು. ಸೊಸೆ ಕೊಡವನ್ನು ಅಲ್ಲೇ ಕುಕ್ಕಿ ಓಡಿದಳು. ಹಲಸಿನ ಮರದ ಕೆಳಗಿದ್ದವರು ಎದ್ದು ಎಲೆಅಡಿಕೆ ಉಗಿದು ಪಿಕಾಸಿ ಎತ್ತಿದರು. ಮೊದಲ ಏಟು ಬಿದ್ದಾಗ, ನಾಚಿಕೆ ಇಲ್ಲದೆ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ಹೃದಯದ ಚಿಹ್ನೆ ಎಷ್ಟು ಬಂದರೂ ಅಂಥ ಸಂತೋಷ ಆದದ್ದಿಲ್ಲ. ಸ್ಟ್ಯಾಂಡಿನ ಕಾಲು ಮಡಚತೊಡಗಿದೆ.

ತಲೆ ಎತ್ತಿದಾಗ ಮುದುಕಿ ಮೊಳೆಗೆ ಸಿಕ್ಕಿಸಿದ್ದ ಕೊಡೆ ತೆಗೆದುಕೊಂಡು ಮೆಟ್ಟಿಲಿಳಿಯುತ್ತಿದ್ದರು.

"ಈ ಬಿಸಿಲಲ್ಲಿ ಎಲ್ಲಿಗೆ ಹೊರಟ್ರಿ ಅಮ್ಮ?"

"ಗುಡ್ಡದಾಚೆ ನಾಕೈದು ಮನೆ ಇದಾವೆ" ಎಂದರು, ನಿಲ್ಲದೆ. "ನೀವು ಅವ್ರಿಗೆ ಹೇಳಿರೂದಿಲ್ಲ. ನೀರು ಬತ್ತದೆ ಅಂತ ಮುಂಚೆ ಗೊತ್ತಾದ್ರೆ, ಪಾಪ, ಬಾಗಿಲಾದ್ರೂ ಬಿಚ್ಕಂಡು ಹೋಗ್ತಾರೆ."